ಅಪ್ಪ ಅಳಿಸಲು ಹೇಳಿದ ಉತ್ತರ

೧೪ ಸೆಪ್ಟೆಂಬರ್ ೨೦೦೮, ರವಿವಾರ. ಕೊಂಢವಾ, ಪುಣೆ.

ಅಪ್ಪನಿಗೆ ಅದನ್ನು ಓದಿ ಹೇಳಲೇಬಾರದಿತ್ತು.

ಕಾಲಿನ ಆಪರೇಷನ್ ಆದ ಮೇಲೆ ಶಾಲೆಗೆ ಹೋಗಲಾಗದೆ, ಮಾಮಾ ಕೊಟ್ಟ ಹಳೆಯ ಕಂಪ್ಯೂಟರಿನಲ್ಲೇ ಹತ್ತನೆಯ ತರಗತಿಯ ಆನ್‌ಲೈನ್ ಪಾಠ ಓದುತ್ತಿದ್ದೇನೆ. ಈ ವಾರ ರಾಜಕೀಯ ಸಿದ್ಧಾಂತಗಳು. ಮನೆಯ ಹಿರಿಯರೊಬ್ಬರು ಯಾವುದನ್ನು ನಂಬುತ್ತಾರೆ ಎಂದು ಬರೆಯಬೇಕಿತ್ತು. ಕೇಳದೆಯೇ ಬರೆದುಬಿಟ್ಟೆ: ನನ್ನ ಅಪ್ಪ ಹುಸೇನಪ್ಪ ಸಮಾಜವಾದಿ.

ತಾನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಯಲ್ಲಿ ಘೋಷಣೆ ಕೂಗಿದ್ದ. ಆ ದನಿ ಇನ್ನೂ ನೆನಪಿದೆ. ಈಗ ಅವನು ಒಬ್ಬ ಬಿಲ್ಡರ್ ಸೇಠರ ಸೈಟಿನಲ್ಲಿ ವಾಚ್‌ಮನ್.

ಸಂಜೆ ಡ್ಯೂಟಿಗೆ ಹೊರಟವನನ್ನು ಕೂರಿಸಿ ಓದಿದೆ. ಖುಷಿಪಡುತ್ತಾನೆ ಎಂದುಕೊಂಡಿದ್ದೆ.

"ಇದು ಎಲ್ಲಾರಿಗೂ ಕಾಣತದೇನವಾ?" ಎಂದ.

"ನಮ್ಮ ಟೀಚರ್‌ಗೆ ಅಷ್ಟ, ಅಪ್ಪಾ."

"ಇಂಟರ್ನೆಟ್‌ದಾಗ ಹಾಕಿದ್ದು ಯಾರ್ ಬೇಕಾದ್ರೂ ನೋಡತಾರಂತ. ನಮ್ಮ ಸೇಠ ನೋಡಿದ್ರ ಇದ್ದ ಕೆಲಸಾನೂ ಹೋಗತದ. ಅಳಿಸಿಬಿಡವಾ."

"ಮತ್ತ ನೀ ಯಾವುದನ್ನ ನಂಬತಿ ಅಂತ ಬರೀಲಿ?"

"ನಮ್ಮಪ್ಪಗ ಇಂಥಾದ್ದೇನೂ ತಿಳಿಯೂದಿಲ್ಲ ಅಂತ ಬರಿ."

ಅವನೆದುರೇ ಅಳಿಸಿದೆ. ಕೊನೆಯ ಅಕ್ಷರ ಹೋಗುವವರೆಗೂ ಅಪ್ಪ ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಡ್ಯೂಟಿಗೆ ಹೋದ.

ಉತ್ತರವನ್ನು ನಾಳೆ ಕಳಿಸಬೇಕು. ಅವನು ಹೇಳಿದ ಹಾಗೆ ಬರೆಯಲು ಕೈಯೇ ಬರುತ್ತಿಲ್ಲ. ಅವ್ವ ಮಲಗು ಎನ್ನುತ್ತಿದ್ದಾಳೆ. ನನ್ನ ಅಪ್ಪ ಇಷ್ಟೊಂದು ಹೆದರಿಕೊಂಡು ಬದುಕುತ್ತಿದ್ದಾನೆ ಎಂದು ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.