ಕನ್ನಡಿ ಸರಿಸುವ ಕೈ

ಆಡೂರು
ತಾ. ೧೮-೧೧-೧೯೮೬

ಮುದ್ದಿನ ಮೊಮ್ಮಗಳು ಶೇಖವ್ವಗೆ ನಿನ್ನ ಆಯಿ ಅಡಿವೆವ್ವ ಮಾಡುವ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತು ಬರೆಯಲಾರೆ.

ಮುಂಬಯಿಯಿಂದ ನಿನ್ನ ಕಾಗದ ಬಂತು. ಬರೀ ಬೆಳಕಿನ ಪರೀಕ್ಷೆ ಮುಗಿಯಿತು, ಮುಂದಿನ ತಿಂಗಳಿಂದ ಎಕ್ಸ್‌ರೇಯನ್ನೇ ಹಾಯಿಸಿ ಲ್ಯಾಬಿನ ಮಿಂಚು ಹಿಡಿಯುವ ಕ್ಯಾಮೆರಾ ಅಳೆಯುತ್ತೇವೆ ಎಂದು ಹಬ್ಬದ ಸುದ್ದಿಯಂತೆ ಬರೆದಿದ್ದೀ. ಬಸುರಿಯೆಂದು ಸಾಹೇಬರಿಗೆ ಇನ್ನೂ ಹೇಳಿಲ್ಲ ಎಂಬುದನ್ನು ಮಾತ್ರ ಮೂಲೆಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೀ. ನನ್ನ ಕಣ್ಣು ಮಬ್ಬಾಗಿದೆ, ಹೋಗಿಲ್ಲ.

ದೀಪಾವಳಿಗೆ ನೀನು ಬಂದಾಗ ನಾನೂ ನಿನ್ನ ಅವ್ವನೂ ಒಂದೇ ಒರಳಿಗೆ ಅವಲಕ್ಕಿ ಕುಟ್ಟುತ್ತಿದ್ದೆವು. ನೀನು ಗೋಡೆಗೆ ಮುಖ ಮಾಡಿ ಕೂತು, ಎರಡು ಒನಕೆಯ ಪೆಟ್ಟನ್ನು ಹತ್ತಿರ ಹತ್ತಿರ ಹಾಕಿಸಿದೆ. ಎರಡೂ ಒಂದಾಗಿ ಕೇಳಿಸಿದಾಗ, "ನನ್ನ ಕಿವಿ ಚುರುಕು ಇಷ್ಟ ನೋಡ ಆಯಿ. ಕ್ಯಾಮೆರಾದ ಕಣ್ಣೂ ಹಿಂಗ ಅಳೀತೇವಿ" ಎಂದೆ. ಒಂದೇ ಮಿಂಚನ್ನು ಸೀಳಿ, ಅರ್ಧವನ್ನು ಕನ್ನಡಿಯಿಂದ ಸುತ್ತುದಾರಿಗೆ ಹಚ್ಚಿ ತುಸು ತಡಮಾಡಿಸುತ್ತೀರಂತೆ. ಕನ್ನಡಿ ಸರಿಸುತ್ತಾ ಆ ದಾರಿ ಗಿಡ್ಡ ಮಾಡಿದಾಗ ಎರಡು ಮಿಂಚು ಎಲ್ಲಿ ಒಂದಾಗಿ ಕಾಣುತ್ತವೋ ಅಲ್ಲಿಗೆ ಕ್ಯಾಮೆರಾದ ಚುರುಕು ಮುಗಿಯಿತಂತೆ. ತಿಳಿಯಿತು ತಾಯಿ. ಅಷ್ಟು ಹತ್ತಿರದ ಎರಡನ್ನು ಬೇರೆ ಮಾಡುವವಳು, ನಿನ್ನ ಮೈಯಲ್ಲೇ ಇಬ್ಬರಿದ್ದರೂ ಒಬ್ಬಳೇ ಎಂಬಂತೆ ನಡೆದಿದ್ದೀ.

ಸಾಹೇಬರಿಗೆ ಹೇಳಿದರೆ ಕನ್ನಡಿ ಬೇರೆಯವರ ಕೈಗೆ ಹೋಗುತ್ತದೆ, ಇಷ್ಟು ದಿನದ ದುಡಿತ ಅವರ ಹೆಸರಿಗಾಗುತ್ತದೆ ಎಂದು ಅವತ್ತು ನೀನು ಅಂದೆ. ಎಕ್ಸ್‌ರೇ ಬಹಳ ಸ್ವಲ್ಪ, ನಡುವೆ ಸೀಸದ ಗೋಡೆ ಇದೆ ಎಂದೆ. ಅಷ್ಟು ಸ್ವಲ್ಪವಾದರೆ ಮುಚ್ಚಿಡುವುದೇಕೆ?

ನಿನ್ನೆ ನೆರೆಮನೆಯ ಕರೆವ್ವನ ಮೊಣಕಾಲಿಗೆ ಎಕ್ಸ್‌ರೇ ತೆಗೆಸಲು ಹಾನಗಲ್ಲಿನ ದವಾಖಾನೆಗೆ ಹೋಗಿದ್ದೆ. ಬಾಗಿಲಲ್ಲಿದ್ದವನು ಆ ಹಲ್ಲಿಲ್ಲದ ಮುದುಕಿಯನ್ನೂ ಬಸುರಿಯೇ ಎಂದು ಕೇಳಿದ. "ಗಂಡ ಸತ್ತು ಇಪ್ಪತ್ತು ವರ್ಷ ಆತು, ಇನ್ನ ದೇವರಽ ಮನಸ್ಸು ಮಾಡಬೇಕ್ರಿ" ಎಂದಳು ಕರೆವ್ವ. ಪಾಳಿಯಲ್ಲಿದ್ದವರೆಲ್ಲ ನಕ್ಕರು. ಮುದುಕಿಗೂ ಯಾಕಪ್ಪಾ ಈ ಮಾತು ಎಂದು ನಾನು ಕೇಳಿದೆ. "ಕೇಳಲಿಲ್ಲಂದ್ರ ನಮಗ ಗೊತ್ತಾಗೂದಿಲ್ಲ ಯವ್ವಾ. ಕೂಸಿಗೆ ಗೊತ್ತಾಕ್ಕೈತಿ" ಎಂದ.

ಹಬ್ಬಕ್ಕೆ ಬಂದಾಗಲೇ ಯಾರ ಮುಂದೆಯೂ ಬಾಯಿ ಬಿಡೆನೆಂದು ನಿನ್ನ ತಲೆ ಮುಟ್ಟಿ ಆಣೆ ಮಾಡಿದ್ದೇನೆ. ಮುರಿದರೆ ಅದು ನಿನಗೆ ತಟ್ಟೀತು. ಮುರಿಯದಿದ್ದರೆ ಕೂಸಿಗೆ. ಈ ಮುದುಕಿಯನ್ನು ಎಂಥ ಇಕ್ಕಟ್ಟಿಗೆ ಹಾಕಿದೆ ನೋಡು. ಈ ಕಾಗದ ಓದಿದ ಕೂಡಲೇ ಎದ್ದು ಹೋಗಿ ನೀನೇ ಹೇಳು.

ನಿನ್ನ ಆಯಿ,
ಅಡಿವೆವ್ವ

ತಾ.ಕ.: ಇದಕ್ಕಿಂತ ಮೊದಲೇ ನಿನ್ನ ಸಾಹೇಬರಿಗೆ ಒಂದು ಕಾಗದ ಹೋಗಿದೆ. ನಮ್ಮೂರ ಶಾಲೆಯ ಮಾಸ್ತರರಿಂದ ಇಂಗ್ಲಿಷಿನಲ್ಲಿ ಬರೆಸಿದೆ: ಮೊಮ್ಮಗಳು ಬಸುರಿ, ಕೆಲಸ ಅವಳ ಹೆಸರಿನಲ್ಲೇ ಇರಲಿ, ಅವಳನ್ನು ಮಾತ್ರ ಆ ಕೋಣೆಯಿಂದ ಹೊರಗಿಡಿ. ನಿನ್ನ ತಲೆಯ ಮೇಲಿನ ಆಣೆಯನ್ನು ಗುಡಿಯಲ್ಲಿ ದ್ಯಾಮವ್ವನ ಮುಂದೆ ನಿಂತು ನನ್ನ ತಲೆಗೆ ತಿರುಗಿಸಿಕೊಂಡಿದ್ದೇನೆ. ಬೈಯುವುದಿದ್ದರೆ ಬೇಗ ಬಂದು ಬೈ.