‘ತೆರೆದ ನೀರು’ ಕೇಳಿದ ಮೂರು ದಿನ

ತಾಂಪೆರೆ, ಸೋಮವಾರ
13 ಮೇ 2013

ಎಷ್ಟೇ ಸಿಡುಕಿದರೂ ನನ್ನ ಪತ್ರವನ್ನು ಎರಡು ಸಲ ಓದುವ ಅಮ್ಮನಿಗೆ,

ನಿನ್ನೆ ಅಮ್ಮಂದಿರ ದಿನ. ನಾನು ಫೋನ್ ಮಾಡಲಿಲ್ಲ. ಮರೆತದ್ದಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಶಾಲೆಯ ವಿಷಯಕ್ಕೆ ಬರುತ್ತೇವೆ, ಐದನೆಯದಕ್ಕೆ ನೀನು ‘ಸರಿ ಬಿಡು’ ಅನ್ನುತ್ತೀಯ, ಆರನೆಯದಕ್ಕೆ ನಾನು ಇಟ್ಟುಬಿಡುತ್ತೇನೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೀನು ಕಳಿಸಿದ ಕಾರ್ಡಿನಲ್ಲಿ ಒಂದೇ ಪ್ರಶ್ನೆ ಇತ್ತು: ಕೆಲೋ ಬ್ಯಾಂಡಿನವರ ಹೊಸ ಆಲ್ಬಂ ಹೇಗಿದೆ, ಇಲ್ಮೋನ ಗಂಟಲು ಉಳಿದಿದೆಯೇ? ನಮ್ಮೂರು ಕೆಮಿಯ ಐಸ್ ಹಾಕಿ ಅಂಗಣದಲ್ಲಿ ಅವನ ಹಾಡಿಗೆ ಕುಣಿದು ಒಂದು ಬೂಟು ಕಳೆದುಕೊಂಡವಳು ನೀನು, ಕೇಳುವ ಹಕ್ಕು ನಿನಗಿದೆ. ಉತ್ತರ ಹೇಳುತ್ತೇನೆ. ಆದರೆ ಅದು ಒಂದು ಸಾಲಿನಲ್ಲಿ ಆಗುವಂಥದ್ದಲ್ಲ. ಅದರ ಜೊತೆಗೆ ನನ್ನ ಕೆಲಸದ ವಿಷಯವೂ ಸಿಕ್ಕಿಕೊಂಡಿದೆ. ಹೆಲ್ಕಾಳ ರೆಕಾರ್ಡ್ ಅಂಗಡಿಯಲ್ಲಿ ನನ್ನ ಮೂರು ತಿಂಗಳ ಪರೀಕ್ಷಾ ಅವಧಿ ನಾಳೆಗೆ ಮುಗಿಯುತ್ತದೆ. ಅವಳು ಇರು ಅಂದರೆ ನಾನೀಗ ಇರುವ ಅಂಗಡಿಯ ಮೇಲಿನ ಕೋಣೆಯೂ ಕೆಲಸವೂ ನನ್ನವು. ಬೇಡ ಅಂದರೆ ನಿಲ್ದಾಣದಲ್ಲಿ ನಿನಗೆ ಕೊಟ್ಟ ಮಾತಿನಂತೆ ಕೆಮಿಗೆ ಬಂದು, ಆಗಸ್ಟಿನಲ್ಲಿ ಮತ್ತೆ ಆ ವೆಲ್ಡಿಂಗ್ ತರಗತಿಯ ಬೆಂಚಿನಲ್ಲಿ ಕೂರುತ್ತೇನೆ. ಮೂರು ಸಲ ಬಿಟ್ಟ ಬೆಂಚು. ನನಗೆ ಈ ಅಂಗಡಿ ಬೇಕು ಅಮ್ಮ. ಇಷ್ಟು ದಿನ ಒಂದು ಕಡೆ ಕಾಲು ನಿಂತದ್ದು ಇಲ್ಲಿಯೇ ಮೊದಲು.

ಇಲ್ಲಿನ ಕೆಲೋ ಸಂಘದಲ್ಲಿ ಹನ್ನೊಂದು ಜನ. ನನ್ನನ್ನು ಬಿಟ್ಟರೆ ಎಲ್ಲರಿಗೂ ಐವತ್ತು ದಾಟಿದೆ. ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಹೊಸ ಆಲ್ಬಂ ಬಂದ ಶುಕ್ರವಾರ ಮಧ್ಯಾಹ್ನ ಎಲ್ಲರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಬಾಯಿ ಬಿಡದೆ ಒಂದೇ ಸಲ ಕೇಳಬೇಕು. ಚೀಟಿ ಎತ್ತಿ ಆರಿಸಿದ ಒಬ್ಬರು ಅಲ್ಲೇ ಕೂತು ಅರ್ಧ ಗಂಟೆಯಲ್ಲಿ ತೀರ್ಪು ಬರೆದು ಓದಬೇಕು. ಭಾನುವಾರ ಮತ ಹಾಕುವವರೆಗೆ ಯಾರೂ ಮನೆಯಲ್ಲಾಗಲಿ ಫೋನಿನಲ್ಲಾಗಲಿ ಅದನ್ನು ಮತ್ತೆ ಕೇಳುವಂತಿಲ್ಲ, ಪತ್ರಿಕೆಯಲ್ಲಿ ಏನು ಬರೆದಿದ್ದಾರೆಂದು ನೋಡುವಂತಿಲ್ಲ. ಗೆದ್ದರೆ ಆಲ್ಬಮ್ಮಿನ ಹೊದಿಕೆ ಗೋಡೆಗೆ ಹೋಗುತ್ತದೆ. ಕೆಲೋ ಮೂವತ್ತಾರು ವರ್ಷಗಳಲ್ಲಿ ಹದಿಮೂರು ಆಲ್ಬಂ ತಂದಿದ್ದಾರೆ, ಗೋಡೆಯ ಮೇಲಿರುವುದು ಎಂಟು. ಕಳೆದ ಮೂರಂತೂ ಹತ್ತೇ ನಿಮಿಷದ ಮಾತಿನಲ್ಲಿ ಬಿದ್ದುಹೋದವಂತೆ. ‘ಹಳೆಯದರ ಹಾಗಿಲ್ಲ’ ಅಂದು ಎಲ್ಲರೂ ಕೋಟು ಹಾಕಿಕೊಂಡು ಹೊರಟುಬಿಟ್ಟರಂತೆ.

ಈ ಸಲ ಹನ್ನೊಂದು ವರ್ಷ ಕಾದ ಮೇಲೆ ಬಂದದ್ದು ‘ತೆರೆದ ನೀರು’. ಇಲ್ಮೋನ ಗಂಟಲಿನ ಶಸ್ತ್ರಚಿಕಿತ್ಸೆಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಸ್ವರ ಮೊದಲಿನಂತೆ ಇರಲಾರದು ಎಂದು ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಆಲ್ಬಂ ಎರಡು ಡಿಸ್ಕುಗಳಲ್ಲಿ, ನಾಲ್ಕು ಬದಿಗಳಲ್ಲಿ ಇತ್ತು. ಸೂಜಿ ಇಟ್ಟವಳು ನಾನು.

ಏನೆಂದು ಹೇಳಲಿ. ಏಪ್ರಿಲಿನಲ್ಲಿ ನಮ್ಮ ಕೊಲ್ಲಿಯ ಮಂಜುಗಡ್ಡೆ ದೂರದಲ್ಲೆಲ್ಲೋ ಒಡೆಯುವಾಗ ಕೇಳುತ್ತದಲ್ಲ, ಡ್ರಮ್ಮು ಹಾಗೆ ಬಂತು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಉಸಿರಾಡಬಹುದಿತ್ತು. ಇಲ್ಮೋನ ಸ್ವರ ನೆಲದ ಹಲಗೆಯ ಕೆಳಗಿನಿಂದ ಎದ್ದಿತು. ಗಿಟಾರು ಅಳುತ್ತಿರಲಿಲ್ಲ, ಭಾರ ಹೊತ್ತು ದಿಬ್ಬ ಏರುತ್ತಿತ್ತು. ಮೂರನೆಯ ಬದಿಯಲ್ಲಿ ‘ಅಕ್ಕನ ದೋಣಿ’ ಎಂಬ ಹಾಡು ಬಂದಾಗ ನಾನು ಅತ್ತೆ. ಅಜ್ಜಿಯನ್ನು ಹೂಳಿದ ದಿನವೂ ಅಳದವಳು.

ಚೀಟಿಯಲ್ಲಿ ನನ್ನ ಹೆಸರೇ ಬಂತು. ಹಳೇ ಬಿಲ್ಲಿನ ಹಿಂಬದಿಯಲ್ಲಿ ಬರೆದೆ. ಅದರಲ್ಲಿ ಹೀಗೊಂದು ಸಾಲಿತ್ತು: ‘ಇವರು ವಯಸ್ಸನ್ನು ಮುಚ್ಚಿಟ್ಟಿಲ್ಲ, ಓಡುವುದನ್ನು ನಿಲ್ಲಿಸಿದವರಿಗೆ ಮಾತ್ರ ಕಾಣುವ ದಾರಿಬದಿಯನ್ನು ಹಾಡಿದ್ದಾರೆ.’ ಓದಿ ಮುಗಿಸಿದಾಗ ಹೆಲ್ಕಾ ಕನ್ನಡಕ ತೆಗೆದಳು.

“ಮೂವತ್ತೈದು ವರ್ಷದಿಂದ ಈ ಅಂಗಡಿ ನಡೆಸ್ತಿದೀನಿ,” ಅಂದಳು. “ಈ ಕೋಣೇಲಿ ಇಂಥ ಮಾತನ್ನ ಯಾರೂ ಬರೆದಿರಲಿಲ್ಲ ಕಣೆ ಲೆಂಪಿ.”

ನನ್ನ ಬರಹಕ್ಕೆ ಇಲ್ಲಿಯತನಕ ಸಿಕ್ಕಿದ್ದು ಕೆಂಪು ಗೆರೆ ಮಾತ್ರ ಎಂದು ನಿನಗೆ ಗೊತ್ತು.

ಆದರೆ ಖುಷಿಪಡಲು ಬಿಡುವವರಾದರೂ ಯಾರು? ಉರ್ಪೊ ಮತ್ತು ವೇಯೊ ಶುರು ಮಾಡಿಬಿಟ್ಟಿದ್ದರು. ಉರ್ಪೊ ಕಾಗದದ ಕಾರ್ಖಾನೆಯಿಂದ ನಿವೃತ್ತನಾದವನು, ವೇಯೊ ಊರ ಬಸ್ಸು ಓಡಿಸುವವನು. ವೇಯೊನ ಅಕ್ಕನನ್ನೇ ಉರ್ಪೊ ಮದುವೆಯಾಗಿರುವುದು. ಮೂವತ್ತು ವರ್ಷ ಕೆಲೋದ ಒಂದೊಂದು ಸಂಗೀತ ಕಛೇರಿಯಲ್ಲೂ ಭುಜಕ್ಕೆ ಭುಜ ತಾಗಿಸಿ ನಿಂತವರು.

“ಏನಪ್ಪಾ ಇದು, ಹೆಣ ಹೊತ್ಕೊಂಡು ಹೋಗೋರ ಹಾಗೆ ಬಾರಿಸ್ತಿದಾರೆ,” ಅಂದ ಉರ್ಪೊ. “ನಾನು ಕೆಲೋ ಕೇಳೋಕೆ ಬಂದೆ, ತಿಥಿಗಲ್ಲ.”

“ಭಾವ, ನೀನು ನಮ್ಮನೆ ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತು ತಗೋತೀಯ ಹೇಳು,” ಅಂದ ವೇಯೊ. “ಅವರಿಗೂ ಅಷ್ಟೇ ವಯಸ್ಸಾಗಿದೆ. ಸುಳ್ಳು ಹೇಳ್ದೆ ಹಾಡಿದಾರೆ, ನಿನಗೆ ಅದೇ ನೋವು.”

“ನನ್ನ ಮಂಡಿ ವಿಷಯ ಎತ್ತಬೇಡ ಕಣೋ.”

“ಮಂಡಿ ಅಲ್ಲ, ಕಿವಿ ವಿಷಯ ಎತ್ತಿದ್ದು.”

ಹೀಗೆ ಮೂರು ಗಂಟೆ. ತಂದಿಟ್ಟಿದ್ದ ಪುಲ್ಲಾ ಬನ್ನುಗಳೆಲ್ಲ ಖಾಲಿ, ಕಾಫಿ ನಾಲ್ಕು ಸಲ. ಶನಿವಾರ ಇಬ್ಬರೂ ಎಂದಿನಂತೆ ಪಿಸ್ಪಾಲಾದ ಸೌನಾಗೆ, ಆವಿಸ್ನಾನಕ್ಕೆ, ಹೋದರಂತೆ. ಸೌನಾದಲ್ಲಿ ಜನ ಹೇಗಿರುತ್ತಾರೆಂದು ನಿನಗೆ ಹೇಳಬೇಕೇ? ಬಿಸಿ ಕಲ್ಲಿಗೆ ನೀರು ಎರಚುವಾಗ ಒಂದು ಮಾತು, ಹೊರಡುವಾಗ ಇನ್ನೊಂದು, ಅಷ್ಟೇ. ಇವರು ಮೇಲಿನ ಹಲಗೆಯಲ್ಲಿ ಕೂತು ಎರಡನೆಯ ಬದಿಯ ಡ್ರಮ್ಮಿನ ಬಗ್ಗೆ ಕೂಗಾಡಿದ್ದಕ್ಕೆ, ಉಳಿದ ಐದು ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋದರಂತೆ. ಅಲ್ಲಿಂದ ಇಬ್ಬರೂ ಕಪ್ಪು ಸಾಸೇಜಿನ ಪೊಟ್ಟಣ ಹಿಡಿದು, ಕೆಂಪು ಮುಖ ಹೊತ್ತು ನೇರ ಅಂಗಡಿಗೇ ಬಂದರು, ನನ್ನನ್ನು ನ್ಯಾಯ ಕೇಳಲು. ಲಿಂಗನ್‌ಬೆರಿ ಜಾಮು ಉರ್ಪೊನ ಗಡ್ಡಕ್ಕೆಲ್ಲ ಮೆತ್ತಿತ್ತು.

“ನೀನೇ ಹೇಳಮ್ಮ, ಬರೆದವಳು ನೀನು,” ಅಂದ ವೇಯೊ. “ಈ ಮನುಷ್ಯನ ತಲೆಗೆ ಇಳಿಯೋ ಹಾಗೆ ಇನ್ನೊಂದ್ಸಲ ಹೇಳು.”

“ಹುಡುಗಿ ಚೆನ್ನಾಗೇ ಬರೆದಿದಾಳೆ,” ಅಂದ ಉರ್ಪೊ. “ಅವಳು ಬರೆದಿದ್ದು ಆ ಆಲ್ಬಮ್ಮಿಗಿಂತ ಚೆನ್ನಾಗಿದೆ. ನನ್ನ ತಕರಾರು ಅದೇ.”

ನಾನು ತಲೆನೋವೆಂದು ಹೇಳಿ ಮೇಲೆ ಹೋದೆ. ಆದರೂ ಕಿಟಕಿಯಿಂದ ನೋಡಿದೆ. ಬಸ್ ನಿಲ್ದಾಣದವರೆಗೂ ಕೈ ಬೀಸಿ ಬೀಸಿ ಜಗಳವಾಡುತ್ತಾ ಹೋದರು. ಇಬ್ಬರ ಮುಖವೂ ಎಷ್ಟು ಹೊಳೆಯುತ್ತಿತ್ತು ಅಂದರೆ, ಇಪ್ಪತ್ತು ವರ್ಷ ಯಾರೋ ಕದ್ದಿಟ್ಟಿದ್ದನ್ನು ವಾಪಸು ಕೊಟ್ಟ ಹಾಗಿತ್ತು.

ಈಗ ಭಾನುವಾರದ ಮಾತು. ಬೆಳಿಗ್ಗೆ ಡಿಸ್ಕುಗಳನ್ನು ಒರೆಸಿ ಹೊದಿಕೆಗೆ ಹಾಕುವಾಗ, ನಡುವಿನ ಕಂದು ಬಣ್ಣದ ಚೀಟಿಯ ಮೇಲೆ ಕಪ್ಪು ಅಕ್ಷರದಲ್ಲಿ ಒಂದು ಸಂಖ್ಯೆ ಕಂಡಿತು: ನಲವತ್ತೈದು. ದೊಡ್ಡ ಡಿಸ್ಕು ಅಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತು ಎಂದು ನಮ್ಮ ಕೈಗೆ ಅಭ್ಯಾಸ. ಈ ಸಲ ನಾದ ಚೆನ್ನಾಗಿ ಬರಲೆಂದು ದೊಡ್ಡ ಡಿಸ್ಕನ್ನೇ ನಲವತ್ತೈದಕ್ಕೆ ಕೊರೆದಿದ್ದರು. ಎರಡು ಡಿಸ್ಕು ಬಂದದ್ದೂ ಅದಕ್ಕೇ. ಹೊದಿಕೆಯ ಮೇಲೆ ನಲವತ್ತಮೂರು ನಿಮಿಷ ಎಂದಿತ್ತು. ನಾವು ಬಾಯಿ ಮುಚ್ಚಿ ಕೂತದ್ದು ಹತ್ತಿರ ಹತ್ತಿರ ಒಂದು ಗಂಟೆ.

ವೇಗ ಬದಲಿಸುವ ಗುಂಡಿಯನ್ನು ನಾನು ಒತ್ತಿರಲಿಲ್ಲ ಅಮ್ಮ. ಕೆಲೋದವರು ಓಡುತ್ತಲೇ ಇದ್ದರು. ಕಾಲಿಗೆ ಕಲ್ಲು ಕಟ್ಟಿದವಳು ನಾನು.

ಎರಡು ಗಂಟೆಗೆ ಎಲ್ಲರೂ ಬಂದರು. ಉರ್ಪೊ ಹೆಂಡತಿಯನ್ನು ಮಕ್ಕಳ ಜೊತೆ ಊಟಕ್ಕೆ ಕೂರಿಸಿ ಓಡಿಬಂದಿದ್ದ, ಜೇಬಿನಲ್ಲಿ ಅಮ್ಮಂದಿರ ದಿನಕ್ಕೆಂದು ಕಿತ್ತು ಬಾಡಿದ ಬಿಳಿ ಹೂಗಳು ಇನ್ನೂ ಇದ್ದವು. ಹೆಲ್ಕಾ ಮತಪೆಟ್ಟಿಗೆ ಎಂದು ಕರೆಯುವ ಬಿಸ್ಕತ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸುಮ್ಮನಿದ್ದಿದ್ದರೆ ಸುಮ್ಮನೆ ಮತ ಬೀಳುತ್ತಿತ್ತು. ನಾಳೆ ನನಗೆ ಕೆಲಸ ಸಿಗುತ್ತಿತ್ತು. ವಾರದೊಳಗೆ ಯಾರಾದರೂ ಮನೆಯಲ್ಲಿ ಕೇಳಿ ತಿಳಿಯುತ್ತಿತ್ತೇನೋ, ಆದರೆ ಆ ಹೊತ್ತಿಗೆ ಕಾಗದಕ್ಕೆ ಸಹಿ ಬಿದ್ದಿರುತ್ತಿತ್ತು. ಇದನ್ನೆಲ್ಲ ನಾನು ಯೋಚಿಸಲಿಲ್ಲ ಎಂದು ಹೇಳಿದರೆ ನೀನು ನಂಬಬೇಡ.

ಎದ್ದು ನಿಂತು ಹೇಳಿದೆ. “ತಪ್ಪು ವೇಗದಲ್ಲಿ ಹಾಕಿಬಿಟ್ಟಿದ್ದೆ. ಇದು ನಲವತ್ತೈದರದ್ದು. ನಾವ್ಯಾರೂ ಇನ್ನೂ ಈ ಆಲ್ಬಂ ಕೇಳಿಲ್ಲ.”

ಹಿಂದಿನ ಸಾಲಿನಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿತು. ಹೆಲ್ಕಾ ನನ್ನನ್ನೇ ನೋಡುತ್ತಿದ್ದಳು, ಆ ನೋಟದ ಅರ್ಥ ನನಗೆ ಈಗಲೂ ಗೊತ್ತಿಲ್ಲ. ಉರ್ಪೊ ನಿಧಾನವಾಗಿ ವೇಯೊನ ಕಡೆ ತಿರುಗಿದ.

“ಸುಳ್ಳು ಹೇಳ್ದೆ ಹಾಡಿದಾರೆ,” ಅಂದ. “ವಯಸ್ಸನ್ನ ಒಪ್ಕೊಂಡಿದಾರೆ. ಅಲ್ವೇನೋ ವೇಯೊ?”

ವೇಯೊನ ಕಿವಿ ಕೆಂಪಾಯಿತು. “ನೀನು ಮಾತ್ರ ಪತ್ತೆ ಹಚ್ಚಿದ್ಯಾ? ಮೂವತ್ತು ವರ್ಷದ ಅಭಿಮಾನಿ, ಬೆನ್ನ ಮೇಲೆ ಹಚ್ಚೆ ಬೇರೆ.”

ಮೊದಲು ನಕ್ಕವನು ಉರ್ಪೊನೇ. ಅದು ಹೊಟ್ಟೆಯ ಆಳದಿಂದ, ಸರಿಯಾಗಿ ಮೂವತ್ತಮೂರರ ವೇಗದಲ್ಲಿ ಎದ್ದ ನಗು. ಆಮೇಲೆ ಕೋಣೆಯಲ್ಲಿ ಯಾರಿಗೂ ಕೂರಲಾಗಲಿಲ್ಲ. ಒಬ್ಬಾಕೆ ಗೋಡೆ ಹಿಡಿದುಕೊಂಡು ನಕ್ಕು ನಕ್ಕು ಬಿಕ್ಕುತ್ತಿದ್ದಳು.

ಗುಂಡಿ ಒತ್ತಿ ಮತ್ತೆ ಹಾಕಿದೆವು. ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ: ಇಲ್ಮೋನ ಗಂಟಲು ಉಳಿದಿದೆ. ಸ್ವಲ್ಪ ಒರಟಾಗಿದೆ, ಅಷ್ಟೇ. ಅವರು ಈಗಲೂ ಕುದುರೆಗಳ ಹಾಗೆ ಓಡುತ್ತಾರೆ. ನಿನಗೆ ಇಷ್ಟವಾಗುತ್ತದೆ, ಇನ್ನೊಂದು ಬೂಟೂ ಹೋಗುತ್ತದೆ.

ಮಜಾ ಏನೆಂದರೆ ಕೊನೆಯ ಹಾಡು ಮುಗಿಯುವಷ್ಟರಲ್ಲಿ ಉರ್ಪೊ, ವೇಯೊ ಇಬ್ಬರೂ ಪಕ್ಷ ಬದಲಿಸಿದ್ದರು. ಉರ್ಪೊ ತಲೆ ಕೆರೆದುಕೊಳ್ಳುತ್ತಾ, “ಚೆನ್ನಾಗಿದೆ. ಆದ್ರೆ ಆ ‘ಅಕ್ಕನ ದೋಣಿ’ ಇದೆಯಲ್ಲ, ಶುಕ್ರವಾರದ್ದೇ ಚೆನ್ನಾಗಿತ್ತು ಅನ್ಸುತ್ತೆ,” ಅಂದ. ವೇಯೊ ಕುರ್ಚಿಯಿಂದ ಎದ್ದೇಬಿಟ್ಟ. “ನಿನ್ನೆ ಸೌನಾದಲ್ಲಿ ಅದನ್ನೇ ತಾನೇ ನಾನು ಬಡ್ಕೊಂಡಿದ್ದು? ಈಗ ನಂಗೆ ಇದೇ ಬೇಕು ಹೋಗು.” ಮತ್ತೆ ಮೂರು ಗಂಟೆ.

ಮತ ಐದಕ್ಕೆ ಐದು ಬಿತ್ತು. ಹನ್ನೊಂದನೆಯದು ನನ್ನದು. ಎಲ್ಲರೂ ನನ್ನನ್ನು ನೋಡಿದರು, ವೇಯೊ ಕಣ್ಣು ಮಿಟುಕಿಸಿದ. ನಾನು ಬೇಡ ಅಂದೆ. ಇದು ಒಳ್ಳೆಯ ಆಲ್ಬಂ. ಕಳೆದ ಮೂರಕ್ಕಿಂತ ಮೇಲು, ಮೊದಲ ಐದಕ್ಕಿಂತ ಕೆಳಗೆ. ಗೋಡೆಗೆ ಅಷ್ಟು ಸಾಲದು. ವೇಯೊನಿಗೆ ಬೇಸರವಾಯಿತು, ಆದರೆ ಸುಳ್ಳು ಮತ ಹಾಕಲಾರೆ.

ಆಗ ಉರ್ಪೊ ಎದ್ದು, “ಹಾಗಾದ್ರೆ ಶುಕ್ರವಾರ ಕೇಳಿದ್ದಕ್ಕೆ ಬೇರೆ ಮತ ಹಾಕೋಣ,” ಅಂದ. ನಿಯಮದಲ್ಲಿ ಹಾಗೆ ಮಾಡಬಾರದೆಂದು ಎಲ್ಲೂ ಬರೆದಿರಲಿಲ್ಲ. ಹತ್ತು ಕೈಗಳು ಒಟ್ಟಿಗೆ ಎದ್ದವು, ನನ್ನದೂ ಎದ್ದಿತು. ‘ತೆರೆದ ನೀರು’ ಈಗ ಗೋಡೆಯ ಮೇಲೆ ಒಂಬತ್ತನೆಯದು. ಕೆಳಗೆ ಹೆಲ್ಕಾ ತನ್ನ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದಾಳೆ: ‘ಮೂವತ್ತಮೂರರಲ್ಲಿ ಮಾತ್ರ.’ ಪಕ್ಕದಲ್ಲಿ ನನ್ನ ಬಿಲ್ಲಿನ ಹಿಂಬದಿ.

ಹೋಗುವಾಗ ಹೆಲ್ಕಾ ದೀಪ ಆರಿಸುತ್ತಾ, “ಮಂಗಳವಾರ ಮಾತಾಡೋಣ,” ಅಂದಳು. ಅಷ್ಟೇ. ಆ ಮಾತನ್ನು ನಾನು ಎಷ್ಟು ವೇಗದಲ್ಲಿ ಕೇಳಿ ನೋಡಿದರೂ ಏನೂ ತಿಳಿಯುತ್ತಿಲ್ಲ.

ಆಲ್ಬಮ್ಮಿನ ಒಂದು ಪ್ರತಿಯನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಮೊದಲು ನಲವತ್ತೈದರಲ್ಲಿ ಕೇಳು. ಆಮೇಲೆ ಒಬ್ಬಳೇ ಇದ್ದಾಗ ಇನ್ನೊಂದು ರೀತಿ ಕೇಳಿ ನೋಡು.

ನಿನಗೆ ಹೂ ಕಳಿಸದ, ಆದರೆ ನಿನ್ನೆ ಇಡೀ ದಿನ ನಿನ್ನನ್ನೇ ನೆನೆದ
ಲೆಂಪಿ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಭಾನುವಾರ ಬೆಳಿಗ್ಗೆ ಕಂಡಿತು ಎಂದು ಮೇಲೆ ಬರೆದಿದ್ದೇನಲ್ಲ, ಅಲ್ಲಿಯೇ ನೀನು ಹುಬ್ಬು ಏರಿಸಿರುತ್ತೀಯ. ರೆಕಾರ್ಡನ್ನು ಎರಡು ದಿನ ಒರೆಸದೆ ಬಿಡುವವಳನ್ನು ನೀನು ಬೆಳೆಸಿಲ್ಲ. ಶುಕ್ರವಾರ ಸಂಜೆ ಐದಕ್ಕೇ ಆ ಸಂಖ್ಯೆ ನನ್ನ ಕಣ್ಣಿಗೆ ಬಿದ್ದಿತ್ತು. ಹೆಲ್ಕಾ ಕನ್ನಡಕ ತೆಗೆದು ಆ ಮಾತು ಹೇಳಿ ಮೂರೇ ಗಂಟೆ ಆಗಿತ್ತು. ಅದನ್ನು ಎರಡು ದಿನವಾದರೂ ಇಟ್ಟುಕೊಳ್ಳಬೇಕು ಅನಿಸಿತು, ಇಟ್ಟುಕೊಂಡೆ. ನಿನ್ನೆ ಅವರಿಗೆಲ್ಲ ಹೇಳಿದ್ದು ಅರ್ಧ ನಿಜ. ಪೂರ್ತಿ ನಿಜ ಮೊದಲು ನಿನಗೆ ಗೊತ್ತಾಗಲಿ ಎಂದು ಈ ಕಾಗದ. ಇದನ್ನು ಅಂಚೆಗೆ ಹಾಕಿ, ನೇರ ಅಂಗಡಿಗೆ ಹೋಗಿ ಹೆಲ್ಕಾಗೆ ಹೇಳುತ್ತೇನೆ. ಮಂಗಳವಾರದವರೆಗೆ ಕಾಯುವುದಿಲ್ಲ. ಕೆಲಸ ಹೋದರೆ ಬುಧವಾರದ ರೈಲಿಗೆ ನಾನು ಬರುತ್ತೇನೆ. ಉಳಿದರೆ ನೀನು ಬಾ, ಗಟ್ಟಿ ಬೂಟು ಹಾಕಿಕೊಂಡು.