ಗಾಜಿನಲ್ಲಿ ನೀರು ಇದ್ದ ಬಗ್ಗೆ

ಮಾರ್ಚ್ ೩, ಭಾನುವಾರ. ಸಂಜೆ ೬.೩೦

ಈ ದಿನದ ವಿವರಗಳು:

೧. ಯಂತ್ರ: ಉಗಿಯಿಂದ ಓಡುವ ರೋಡ್ ರೋಲರ್, ಒಂದು. ತೂಕ ಹತ್ತು ಟನ್. ವಯಸ್ಸು ತೊಂಬತ್ತೆಂಟು. ಸದಾ ಬುಸುಗುಟ್ಟುವ ಕಾರಣ ಸಂಘದವರು ಇಟ್ಟ ಹೆಸರು ‘ಅತ್ತೆ’.
೨. ಸ್ಥಳ: ಹಳೆಯ ಉಗಿಯಂತ್ರಗಳ ಸಂಘದ ಷೆಡ್ಡಿನ ಮುಂದಿನ ಅಂಗಳ.
೩. ಸಂದರ್ಭ: ಇದೇ ೨೪ರ ವಾರ್ಷಿಕ ಪ್ರದರ್ಶನಕ್ಕೆ ಮುಂಚಿನ ಪ್ರಯೋಗ. ಪತ್ರಿಕೆಯ ಫೋಟೋಗ್ರಾಫರ್ ಹಾಜರಿದ್ದರು.
೪. ಚಾಲಕ: ಇದನ್ನು ಬರೆಯುತ್ತಿರುವವನು. ನಿವೃತ್ತ ನಕಲುಗಾರ, ಸಂಘದ ಕಾರ್ಯದರ್ಶಿ, ವಯಸ್ಸು ಎಪ್ಪತ್ತೊಂದು.
೫. ಬೆಂಕಿಯ ಉಸ್ತುವಾರಿ: ಸದರಿಯವನ ಭಾಮೈದ, ಅಂದರೆ ಮನೆಯಾಕೆಯ ತಮ್ಮ. ವೃತ್ತಿ ಬೇಕರಿ.
೬. ಘಟನೆ: ೪.೨೦ಕ್ಕೆ ಒಲೆಯ ನೆತ್ತಿಯ ಸೀಸದ ಬಿರಡೆ ಕರಗಿತು. ಬಾಯ್ಲರಿನ ಉಗಿ ಒಲೆಯೊಳಗೆ ನುಗ್ಗಿ ಬೆಂಕಿ ಆರಿತು.
೭. ಗಾಯ: ಯಾರಿಗೂ ಇಲ್ಲ.
೮. ಕಾರಣ:

ಎಂಟನೆಯದನ್ನು ಆಮೇಲೆ ತುಂಬುವುದು.

ಸೀಸದ ಬಿರಡೆ ಇರುವುದೇ ಕರಗುವುದಕ್ಕೆ. ಬಾಯ್ಲರಿನಲ್ಲಿ ನೀರು ಇಳಿದು ಒಲೆಯ ನೆತ್ತಿ ಬರಿದಾದರೆ, ತಗಡು ಸಿಡಿಯುವ ಮುಂಚೆ ಅದು ಕರಗಿ ಎಲ್ಲರ ಪ್ರಾಣ ಉಳಿಸುತ್ತದೆ. ಉಳಿಸಿತು. ಆದರೆ ಬಿರಡೆ ಕರಗಿಸಿದ ಚಾಲಕ ಎನ್ನಿಸಿಕೊಂಡವನು ಮತ್ತೆ ಯಂತ್ರ ಹತ್ತುವುದಿಲ್ಲ. ಸಂಘದ ನಿಯಮಾವಳಿ, ಕಲಂ ಒಂಬತ್ತು. ನನ್ನ ಕೈಬರಹದ್ದೇ.

ಸಂಘದ ಪದ್ಧತಿ ಹೀಗಿದೆ. ಬೆಂಕಿಯ ಉಸ್ತುವಾರಿಯವನು ಕಾಲುಗಂಟೆಗೊಮ್ಮೆ ಒತ್ತಡ, ನೀರು, ಕಲ್ಲಿದ್ದಲನ್ನು ಒಂದು ಕಚ್ಚಾ ಹಾಳೆಯಲ್ಲಿ ಗುರುತಿಸುತ್ತಾನೆ. ಸಂಜೆ ಕಾರ್ಯದರ್ಶಿ ಅದನ್ನು ಪುಸ್ತಕಕ್ಕೆ ಶುದ್ಧ ಪ್ರತಿ ಮಾಡುತ್ತಾನೆ. ಕಚ್ಚಾ ಹಾಳೆ ರದ್ದಿಗೆ. ಮೂವತ್ತೆಂಟು ವರ್ಷ ಕಚೇರಿಯಲ್ಲಿ ಪರರ ಅರ್ಜಿಗಳನ್ನು ನಕಲು ಮಾಡಿದ ಕೈ ಇದು. ಒಂದಕ್ಷರ ಸೇರಿಸಿದ್ದಿಲ್ಲ, ಒಂದಕ್ಷರ ಬಿಟ್ಟದ್ದಿಲ್ಲ.

ಈ ಸಂಜೆ ಬಿಟ್ಟೆ.

ಮಾರ್ಚ್ ೪, ಸೋಮವಾರ. ಬೆಳಿಗ್ಗೆ ೭

ಕಚ್ಚಾ ಹಾಳೆಯನ್ನು ರದ್ದಿಗೆ ಹಾಕಲಿಲ್ಲ. ಈ ದಿನಚರಿಯ ಹಿಂಬದಿಯ ರಟ್ಟಿನೊಳಗೆ ಸೇರಿಸಿದ್ದೇನೆ. ಏಕೆಂದು ತಿಳಿಯದು.

ಭಾಮೈದ ೪.೦೫ಕ್ಕೆ ಬರೆದ ಸಾಲು ಇದು: ‘ಗಾಜು ಖಾಲಿ. ಭಾವಂಗೆ ಹೇಳ್ದೆ. ತುಂಬಿದೆ ಅಂದ್ರು.’

ಪುಸ್ತಕದಲ್ಲಿ, ‘ನೀರು’ ಎಂಬ ಅಂಕಣದಲ್ಲಿ, ನಾನು ಬರೆದದ್ದು: ‘ತುಂಬಿದೆ.’

ಆ ಪದ ಅವನ ಹಾಳೆಯಲ್ಲಿ ಇದೆ. ನಾನು ಹೊಸದೇನನ್ನೂ ಸೇರಿಸಿಲ್ಲ — ಎಂದು ನಿನ್ನೆಯಿಂದ ನನಗೆ ನಾನೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಬಾಯ್ಲರಿನ ನೀರಿನ ಮಟ್ಟ ತೋರಿಸುವುದು ಒಂದು ಗಾಜಿನ ಕೊಳವೆ. ಅರ್ಧ ನೀರಿದ್ದರೆ ನಡುವೆ ಗೆರೆ ಕಾಣುತ್ತದೆ. ಪೂರ್ತಿ ತುಂಬಿದರೆ ಗೆರೆಯಿಲ್ಲ. ಪೂರ್ತಿ ಬರಿದಾದರೂ ಗೆರೆಯಿಲ್ಲ. ಎರಡೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದಲೇ ಕೊಳವೆಯ ಹಿಂದೆ ಓರೆಪಟ್ಟೆಗಳ ಒಂದು ತಗಡು ಇರುತ್ತದೆ. ಬರಿಯ ಗಾಜಿನ ಹಿಂದೆ ಪಟ್ಟೆಗಳು ಎಡಕ್ಕೆ ವಾಲುತ್ತವೆ, ನೀರಿದ್ದರೆ ಬಲಕ್ಕೆ. ಇಷ್ಟನ್ನು ಪ್ರದರ್ಶನಕ್ಕೆ ಬಂದ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ವಿವರಿಸುತ್ತ ಬಂದಿದ್ದೇನೆ.

ನಿನ್ನೆ ಪಟ್ಟೆಗಳು ಬಲಕ್ಕೆ ವಾಲಿದ್ದವು. ವಾಲಿದ್ದವೆಂದೇ ನೆನಪು.

ಮಾರ್ಚ್ ೭, ಗುರುವಾರ. ಮಧ್ಯಾಹ್ನ ೩

ಬಾಯ್ಲರ್ ಇನ್‌ಸ್ಪೆಕ್ಟರ್ ಬಂದಿದ್ದರು. ಒಲೆಯ ಬಾಯಿಯಲ್ಲಿ ಸೊಂಟದವರೆಗೆ ತೂರಿಕೊಂಡು ಟಾರ್ಚ್ ಹಿಡಿದರು. ನೆತ್ತಿಯ ತಗಡು ಬಾಗಿಲ್ಲ. ಹೊಸ ಬಿರಡೆ ಹಾಕಿ. ೨೦ಕ್ಕೆ ತಣ್ಣೀರಿನ ಒತ್ತಡ ಪರೀಕ್ಷೆ. ಪಾಸಾದರೆ ಪ್ರದರ್ಶನಕ್ಕೆ ಅಡ್ಡಿಯಿಲ್ಲ ಎಂದರು. ಮನಸ್ಸು ಹಗುರಾಗಬೇಕಿತ್ತು.

ಅನಂತರ ಪುಸ್ತಕ ತೆರೆದರು. ೪.೦೫ಕ್ಕೆ ತುಂಬಿದ್ದ ನೀರು ಹದಿನೈದು ನಿಮಿಷದಲ್ಲಿ ಎಲ್ಲಿಗೆ ಹೋಯಿತು, ಗಾಜು ಓದುವುದು ಯಾರ ಕೆಲಸ ಎಂದು ಕೇಳಿದರು. ಅಧ್ಯಕ್ಷರು — ಹಲ್ಲಿನ ಡಾಕ್ಟರು, ಯಾರನ್ನು ನೋಡಿದರೂ ಬಾಯಿ ತೆರೆಸುವವರಂತೆ ನೋಡುತ್ತಾರೆ — ಭಾಮೈದನ ಕಡೆ ತಿರುಗಿದರು.

ಅವನು ಹತ್ತಿಯ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಅವಸರವಿಲ್ಲದೆ ಹೇಳಿದ: “ನಾನು ನೋಡಿದ್ದನ್ನ ಬರ್ದಿದೀನಲ್ಲ ಸಾರ್. ಪುಸ್ತಕದಲ್ಲೇ ಇದೆ.”

ಇನ್‌ಸ್ಪೆಕ್ಟರು ಪುಸ್ತಕ ನೋಡಿದರು. ಅದರಲ್ಲಿ ‘ತುಂಬಿದೆ’ ಎಂದಿತ್ತು. ಅವನು ಗಾಜನ್ನು ನೋಡದೆಯೇ ಬರೆದಿದ್ದಾನೆಂದು ಅಲ್ಲಿದ್ದ ಎಲ್ಲರಿಗೂ ಆ ಕ್ಷಣ ಖಚಿತವಾಯಿತು.

ನಾನು ಪೆನ್ನಿನ ಮುಚ್ಚಳ ಹಾಕಿದೆ. ತೆಗೆದೆ. ಹಾಕಿದೆ.

ಮಾರ್ಚ್ ೧೦, ಭಾನುವಾರ. ಸಂಜೆ ೭

ಸಭೆಯ ನಿರ್ಣಯ: ಬೇಕರಿಯವರನ್ನು ಬೆಂಕಿಯ ಕೆಲಸದಿಂದ ಇಳಿಸತಕ್ಕದ್ದು. ಪ್ರದರ್ಶನದ ದಿನ ಅವರು ಹಗ್ಗದ ಬಳಿ ನಿಂತು ಜನರನ್ನು ನಿಯಂತ್ರಿಸತಕ್ಕದ್ದು. ಈ ಮೇರೆಗೆ ಕಾರ್ಯದರ್ಶಿ ಪತ್ರ ಬರೆಯತಕ್ಕದ್ದು.

ನಿಮ್ಮ ಸಂಬಂಧಿ, ನಿಮಗೆ ಇರುಸುಮುರುಸಾದರೆ ಬೇರೆಯವರು ಬರೆಯಲಿ ಎಂದರು ಅಧ್ಯಕ್ಷರು. ಇದಕ್ಕಿಂತ ದೊಡ್ಡ ಬಾಗಿಲು ಯಾರೂ ತೆರೆದು ಕೊಡಲಾರರು. ನಾನು ಕೇಳಿದ್ದು, ‘ಇಳಿಸತಕ್ಕದ್ದು’ ಎಂದು ಬರೆಯಲೇ, ‘ಬಿಡುಗಡೆಗೊಳಿಸತಕ್ಕದ್ದು’ ಎಂದು ಬರೆಯಲೇ ಎಂದಷ್ಟೆ.

ಭಾಮೈದ ಸಭೆಗೆ ಬಂದಿರಲಿಲ್ಲ. ಭಾನುವಾರ ಸಂಜೆ ಅಂಗಡಿಯಲ್ಲಿ ಜನ ಹೆಚ್ಚು.

ಮಾರ್ಚ್ ೧೨, ಮಂಗಳವಾರ. ಬೆಳಿಗ್ಗೆ ೧೧

ಮೂರು ಕರಡು ಹರಿದೆ. ನಾಲ್ಕನೆಯದು ಚೆನ್ನಾಗಿ ಬಂದಿದೆ. ಅದೇ ಸಮಸ್ಯೆ — ಚೆನ್ನಾಗಿ ಬಂದಿದೆ. ‘ತಾವು ಸಲ್ಲಿಸಿದ ದೀರ್ಘಕಾಲದ ಸೇವೆಯನ್ನು ಸಂಘವು ಮರೆಯಲಾರದು’ ಎಂಬ ವಾಕ್ಯಕ್ಕೆ ಬಂದಾಗ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ.

ಮನೆಯಾಕೆ ಲಕೋಟೆಯ ಮೇಲಿನ ವಿಳಾಸ ಓದಿದಳು.

“ಪಕ್ಕದ ಬೀದೀಲಿರೋ ನನ್ನ ತಮ್ಮಂಗೆ ಸ್ಟ್ಯಾಂಪ್ ಅಂಟಿಸ್ತಿದೀರಾ?”

ಸಂಘದ ವ್ಯವಹಾರ ಎಂದೆ. ಸಂಘದ ಗಂಡಸರೆಲ್ಲ ಸೇರಿ ಒಂದು ಬಿಂದಿಗೆಯಲ್ಲಿ ನೀರಿದೆಯೋ ಇಲ್ಲವೋ ನೋಡಲಾರದೆ ಹೋದಿರಲ್ಲ, ನನ್ನನ್ನು ಕರೆದಿದ್ದರೆ ತಟ್ಟಿ ನೋಡಿ ಹೇಳುತ್ತಿದ್ದೆ ಎಂದು ಆಕೆ ಒಳಗೆ ಹೋದಳು. ಆಕೆಯ ಮಾತಿಗೆ ಎಂದೂ ಶುದ್ಧ ಪ್ರತಿ ಬೇಕಾಗುವುದಿಲ್ಲ.

ಅಂಚೆಗೆ ಹಾಕಿದೆ.

ಮಾರ್ಚ್ ೧೭, ಭಾನುವಾರ. ಬೆಳಿಗ್ಗೆ ೯

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ನಡೆಯಲಿಲ್ಲ. ಬೇಕರಿಯ ಬೀದಿ ಬಿಟ್ಟು ಸುತ್ತುದಾರಿಯಲ್ಲಿ ಓಡಾಡಿದೆ, ಅಷ್ಟೆ.

ಇಂದಿನ ಪತ್ರಿಕೆಯಲ್ಲಿ ಪ್ರದರ್ಶನದ ಸುದ್ದಿ. ಜೊತೆಗೆ ಮೂರನೆಯ ತಾರೀಖಿನ ಫೋಟೋ. ರೋಲರಿನ ಮೇಲೆ ನಾನು. ಗದ್ದ ಎತ್ತಿದೆ, ಕೈ ಲಿವರಿನ ಮೇಲಿದೆ, ದೃಷ್ಟಿ ದೂರಕ್ಕೆ. ಒಪ್ಪಿಕೊಳ್ಳುತ್ತೇನೆ, ಮೊದಲು ಸಂತೋಷವೇ ಆಯಿತು. ಎರಡು ಸಲ ನೋಡಿದೆ. ಮೂರನೆಯ ಸಲ ಮನೆಯಾಕೆ ಹೆಗಲ ಮೇಲಿಂದ ಬಗ್ಗಿ ನೋಡಿದಳು.

ಚಿತ್ರವನ್ನು ಬಲಗಡೆ ಕತ್ತರಿಸಿ ಹಾಕಿದ್ದಾರೆ. ಕತ್ತರಿಸಿದ ಅಂಚಿನಿಂದ ಒಂದು ಮುಂಗೈ ಚಾಚಿಕೊಂಡಿದೆ. ಮೊಣಕೈಯಾಚೆ ಮನುಷ್ಯನಿಲ್ಲ. ಮಣಿಕಟ್ಟಿನ ಮೇಲೆ ಅಡ್ಡಲಾಗಿ ಹಳೆಯ ಸುಟ್ಟಗಾಯ, ಬೇಕರಿಯ ತಟ್ಟೆಯ ಅಂಚಿನದು.

“ಇದು ನನ್ನ ತಮ್ಮನ ಕೈ,” ಎಂದಳು. ಆ ಬೆರಳ ತುದಿಗೆ ತನ್ನ ಬೆರಳಿಟ್ಟು, “ಏನನ್ನ ತೋರಿಸ್ತಿದಾನೆ?”

ಸೀಟಿಯನ್ನು ಎಂದೆ. ಸೀಟಿ ಮೇಲಿರುತ್ತದೆ. ಅವನ ಬೆರಳು ಕೆಳಗಿತ್ತು. ಗಾಜಿನ ಕೊಳವೆಗೆ ಒಂದು ಗೇಣು ದೂರದಲ್ಲಿ.

ಮನೆಯಾಕೆ ಒಳಗೆ ಹೋದಳು. ಕತ್ತರಿ ತಂದಳು. ಚಿತ್ರವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ, ನಾನು ನೀರು ಕುಡಿಯುವ ಜಾಗದ ನೇರಕ್ಕೆ ಅಂಟಿಸಿದಳು.

ಮಾರ್ಚ್ ೧೮, ಸೋಮವಾರ. ಸಂಜೆ ೫

ಬೇಕರಿಗೆ ಹೋದೆ. ಬ್ರೆಡ್ ತರುವ ನೆಪ. ಮನೆಯಲ್ಲಿ ಬ್ರೆಡ್ ಇತ್ತು.

ಭಾಮೈದ ಒಲೆಯ ಬಾಗಿಲು ತೆರೆದು, ಒಂದು ಚಿಟಿಕೆ ಹಿಟ್ಟು ಎಸೆದು, ಅದು ಕಂದುಬಣ್ಣಕ್ಕೆ ತಿರುಗುವವರೆಗೆ ಬಾಯಲ್ಲೇ ಎಣಿಸಿದ. ಅವನಿಗೆ ಥರ್ಮಾಮೀಟರಿನ ಮೇಲೆ ನಂಬಿಕೆಯಿಲ್ಲ. ಬೆಂಕಿಯ ವಿಷಯದಲ್ಲಿ ಅವನಷ್ಟು ತಿಳಿದವರು ಸಂಘದಲ್ಲಿ ಮತ್ತೊಬ್ಬರಿಲ್ಲ. ಇದನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೇಳಿಲ್ಲವೆಂಬುದು ಆಗ ಹೊಳೆಯಿತು.

ನನ್ನ ಪತ್ರ ಗಲ್ಲಾಪೆಟ್ಟಿಗೆಯ ಹಿಂದೆ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿತ್ತು.

ಅಕ್ಷರ ಬಹಳ ಚೆನ್ನಾಗಿದೆ ಎಂದ. ಕುಚೋದ್ಯವಲ್ಲ, ಅವನಿಗೆ ನನ್ನ ಅಕ್ಷರದ ಮೇಲೆ ಮೊದಲಿನಿಂದಲೂ ಅಭಿಮಾನ. ಷೆಡ್ಡಿನ ಅತ್ತೆ ಇಪ್ಪತ್ತು ವರ್ಷದಲ್ಲಿ ತನ್ನ ಮೇಲೆ ಒಮ್ಮೆಯೂ ಸಿಡುಕಿರಲಿಲ್ಲ, ಹೆಂಡತಿಯ ತಾಯಿಗೆ ಹೋಲಿಸಿದರೆ ದೇವರಂಥವಳು ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದ:

“ಖಾಲಿ ಅಂತ ಬರ್ದಿದ್ದನ್ನ ಓದಿದ ಮೇಲೂ ಅವ್ರೆಲ್ಲ ನನ್ನದೇ ತಪ್ಪು ಅಂದ್ರಲ್ಲ ಭಾವ… ಅದೊಂದು ನಂಗೆ ತಿಳೀಲಿಲ್ಲ. ಹೋಗ್ಲಿ ಬಿಡಿ. ನೀವು ಅಲ್ಲೇ ಇದ್ರಲ್ಲ, ನನ್ ಪರವಾಗಿ ಏನಾದ್ರೂ ಹೇಳಿರ್ತೀರ.”

ಬ್ರೆಡ್ ಬಿಸಿಯಾಗಿತ್ತು. ಮನೆ ಮುಟ್ಟುವವರೆಗೂ ಕೈ ಬದಲಿಸುತ್ತ ಬಂದೆ.

ಮಾರ್ಚ್ ೨೦, ಬುಧವಾರ. ಮಧ್ಯಾಹ್ನ ೧

ತಣ್ಣೀರಿನ ಪರೀಕ್ಷೆ ಪಾಸು. ಹೊಸ ಬಿರಡೆ ಕೂತಿದೆ. ಇನ್‌ಸ್ಪೆಕ್ಟರು ಸಹಿ ಹಾಕಿ ಹೊರಟರು. ಉಳಿದವರು ಚಹಾಕ್ಕೆ ಹೋದರು. ನಾನೊಬ್ಬನೇ ಮೇಲೆ ಹತ್ತಿದೆ.

ಬಾಯ್ಲರಿನ ತುಂಬ ನೀರು. ಕನ್ನಡಕ ಹಾಕಿ ಗಾಜು ನೋಡಿದೆ. ಪಟ್ಟೆಗಳು ಬಲಕ್ಕೆ. ಕನ್ನಡಕ ತೆಗೆದೆ. ಪಟ್ಟೆಗಳೇ ಇಲ್ಲ. ಒಂದು ಬೂದುಬಣ್ಣದ ಕಡ್ಡಿ, ಅಷ್ಟೆ. ಎಡವೂ ಇಲ್ಲ, ಬಲವೂ ಇಲ್ಲ.

ಮೂರನೆಯ ತಾರೀಖು ಫೋಟೋಗ್ರಾಫರ್ ಕನ್ನಡಕ ತೆಗೆಯಿರೆಂದು ಕೇಳಿಕೊಂಡಿದ್ದರಿಂದ ಅದು ಜೇಬಿನಲ್ಲಿತ್ತು.

ಮೇಲಿನ ವಾಕ್ಯ ಸುಳ್ಳು. ಆತ ಕೇಳಲಿಲ್ಲ. ಕ್ಯಾಮೆರಾ ಕಂಡೊಡನೆ ನಾನೇ ತೆಗೆದು ಜೇಬಿಗಿಟ್ಟೆ.

ಅಂದು ಭಾಮೈದ ಮೊದಲು ಗಾಜು ಖಾಲಿ ಎಂದು ಮೆಲ್ಲಗೆ ಹೇಳಿದ. ಆಮೇಲೆ ಬೆರಳು ತೋರಿಸಿದ. ಗಾಜಿನ ಕೆಳಗಿನ ನಲ್ಲಿ ತಿರುಗಿಸಿ ನೋಡೋಣ, ನೀರಿದ್ದರೆ ಬರುತ್ತದೆ ಎಂದ. ಎರಡು ಸೆಕೆಂಡಿನ ಕೆಲಸ. ಫೋಟೋಗ್ರಾಫರ್ ನೋಡುತ್ತಿದ್ದ. “ತುಂಬಿದೆ. ನೀನು ಬೆಂಕಿ ನೋಡು,” ಎಂದೆ. ಚಾಲಕ ಹೇಳದೆ ನೀರು ಹಾಯಿಸಬಾರದೆಂಬುದು ನಿಯಮ. ಅವನು ನಿಯಮ ಪಾಲಿಸಿದ. ಹಾಳೆಯಲ್ಲಿ ಬರೆದ. ಬೆಂಕಿ ನೋಡಿದ.

ಇಳಿದು ಬಂದೆ. ಮೆಟ್ಟಿಲು ಎರಡೇ ಇದ್ದವು. ಬಹಳ ಹೊತ್ತು ಹಿಡಿಯಿತು.

ಮಾರ್ಚ್ ೨೩, ಶನಿವಾರ. ಮಧ್ಯಾಹ್ನ ೪

ಅಧ್ಯಕ್ಷರು ನಾಳೆಯ ಪಟ್ಟಿ ಕಳುಹಿಸಿದ್ದಾರೆ. ಚಾಲಕ: ನಾನು. ಬೆಂಕಿ: ಅಧ್ಯಕ್ಷರೇ. ಹಲ್ಲು ಕೀಳುವ ಕೈಗೆ ಸಲಿಕೆ. ಹಗ್ಗದ ಬಳಿ: ಭಾಮೈದ. ನಾಳೆ ಅತ್ತೆಯ ಸುತ್ತ ನೂರಾರು ಜನ, ಎತ್ತಿಕೊಂಡ ಮಕ್ಕಳು, ಹಗ್ಗಕ್ಕೂ ಬಾಯ್ಲರಿಗೂ ಹನ್ನೆರಡು ಅಡಿ. ನಾನು ‘ತುಂಬಿದೆ’ ಎಂದರೆ ‘ಖಾಲಿ’ ಎನ್ನಬಲ್ಲ ಒಬ್ಬನೇ ಮನುಷ್ಯ ಹಗ್ಗದಾಚೆ.

ಚಾಲಕನ ಕೋಟಿಗೆ ಇಸ್ತ್ರಿ ಹಾಕಿದೆ. ಗುಂಡಿಗಳಿಗೆ ಪಾಲಿಷ್. ಕೂತೆ. ಎದ್ದೆ. ನೀರು ಕುಡಿಯಲು ಹೋದೆ. ಗೋಡೆಯ ಮೇಲೆ ಆ ಕೈ. ಕುಡಿಯದೆ ಬಂದೆ.

ಮನೆಯಾಕೆ ಬಟ್ಟೆ ಮಡಿಸುತ್ತ ಕೇಳಿದಳು, ನಾಳೆ ಕನ್ನಡಕ ಹಾಕಿಕೊಳ್ಳುತ್ತೀರೋ ಹೇಗೆ ಎಂದು.

ಆಕೆಗೆ ಗೊತ್ತಿದೆ. ಬಹುಶಃ ಕತ್ತರಿ ತಂದ ದಿನದಿಂದ. ಆ ಚಿತ್ರದಲ್ಲಿ ನನ್ನ ಮೂಗಿನ ಮೇಲೆ ಕನ್ನಡಕವಿಲ್ಲದ್ದನ್ನು ಆಕೆ ನೋಡದೆ ಇರುತ್ತಾಳೆಯೇ. ಕಾಯುತ್ತಿದ್ದಾಳೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ ೨೪, ಭಾನುವಾರ. ಬೆಳಿಗ್ಗೆ ೬.೧೦

ಎಂಟಕ್ಕೆ ಬೆಂಕಿ ಹಾಕುತ್ತಾರೆ. ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ಮೂವತ್ತೆಂಟು ವರ್ಷ ಪರರ ಅರ್ಜಿ ಬರೆದೆ. ನನ್ನದು ಇದೇ ಮೊದಲು. ಇಲ್ಲಿ ಕರಡು; ಶುದ್ಧ ಪ್ರತಿಯಲ್ಲಿ ಒಂದಕ್ಷರವೂ ಬದಲಾಗತಕ್ಕದ್ದಲ್ಲ.

ಸಂಘದ ಅಧ್ಯಕ್ಷರ ಸನ್ನಿಧಿಗೆ, ಇದರ ಒಂದು ಪ್ರತಿ ಬಾಯ್ಲರ್ ಇನ್‌ಸ್ಪೆಕ್ಟರರಿಗೆ —

ಕೆಳಗೆ ಸಹಿ ಮಾಡಿದವನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದೇ ತಿಂಗಳ ೩ರ ವಿವರಗಳಲ್ಲಿ ಖಾಲಿ ಬಿಟ್ಟಿದ್ದ ಎಂಟನೆಯ ಬಾಬನ್ನು ಈ ಮೂಲಕ ತುಂಬಲಾಗಿದೆ.

೮. ಕಾರಣ: ಗಾಜು ಖಾಲಿ ಇತ್ತು. ಬೆಂಕಿಯ ಉಸ್ತುವಾರಿಯವನು ಅದನ್ನು ಕಂಡನು, ಹೇಳಿದನು, ಬರೆದನು. ಚಾಲಕನು ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ತುಂಬಿದೆ ಎಂದನು. ಸಂಜೆ, ಕಾರ್ಯದರ್ಶಿಯಾಗಿ, ಹಾಳೆಯ ಉಳಿದ ಮಾತುಗಳನ್ನು ಬಿಟ್ಟು ಆ ಒಂದೇ ಪದವನ್ನು ಪುಸ್ತಕಕ್ಕೆ ನಕಲು ಮಾಡಿದನು.

ಕಲಂ ಒಂಬತ್ತರ ಮೇರೆಗೆ ಸದರಿ ಚಾಲಕನು ಈ ದಿನದಿಂದ ಯಂತ್ರ ಹತ್ತುವುದಿಲ್ಲ. ಸಂಘದಲ್ಲಿರುವ ಎರಡನೆಯ ಚಾಲಕರು ಲಿವರು ಹಿಡಿಯಲಿ. ಬೆಂಕಿಗೆ ಮಾತ್ರ ಬೇಕರಿಯವನನ್ನೇ ಮರಳಿ ಹತ್ತಿಸಬೇಕಾಗಿ, ಅವನು ಖಾಲಿ ಎಂದರೆ ಖಾಲಿ ಎಂದೇ ತಿಳಿಯಬೇಕಾಗಿ ಬಿನ್ನಹ. ಹಗ್ಗದ ಬಳಿ ಯಾರಾದರೂ ನಿಲ್ಲಲೇಬೇಕಾಗುತ್ತದೆ. ಆ ಸ್ಥಾನಕ್ಕೆ ಅರ್ಜಿದಾರನನ್ನು

ಮನೆಯಾಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಮೊದಲು ಬೇಕರಿಗೆ.

ಸಹಿ: ನಕಲುಗಾರ (ನಿವೃತ್ತ), ಚಾಲಕ (ಮಾಜಿ)

ಲಗತ್ತು: ೩ನೇ ತಾರೀಖಿನ ಕಚ್ಚಾ ಹಾಳೆ, ಮೂಲ, ಒಂದು. ಬೆಣ್ಣೆಯ ಕಲೆ ಸಹಿತ.